ಮನೆಯವರ ಸೀಟು

ಯಾರ್ಡ್ ಕ್ವಾರ್ಟರ್ಸ್
ಮಾರ್ಚ್ ೨

ಪ್ರೀತಿಯ ಅಕ್ಕಾ,

ತಲುಪಿದೆವು! ಇಂಗ್ಲಿಷಿನಲ್ಲಿ ಬರೆದರೆ ಓದದೆ ಚಿಂದಿ ಬಟ್ಟೆಯ ಬುಟ್ಟಿಗೆ ಹಾಕುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ನೋಡು, ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗು, ಪರವಾಗಿಲ್ಲ. ಬ್ಲೌಸ್ ಅಳತೆ ಕೊಡಲು ಬಂದವರ ಮುಂದೆ ಮಾತ್ರ ಓದಿ ನಗಬೇಡ.

ಎಲ್ಲಿಂದ ಶುರು ಮಾಡಲಿ? ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಮರಳಿನ ನಾಲಿಗೆ ಅಂದುಕೋ. ಅದರ ತುದಿಯಲ್ಲಿ ಗಾಳಿಯ ಮೇಲೆ ತೇಲುವ ಹೋವರ್‌ಕ್ರಾಫ್ಟು ಕಟ್ಟುವ ಯಾರ್ಡು, ಯಾರ್ಡಿನ ಬೆನ್ನಿಗೆ ನಮ್ಮ ಕ್ವಾರ್ಟರ್ಸ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಲಿಟ್ಟರೆ ಸೊಂಟದವರೆಗೆ ನುಂಗುವ ಕೆಸರು. ನೀರು ಇಳಿದಾಗ ದಂಡೆಯ ಮೇಲೆ ಓಡಿಕೊಂಡು ವಾರಕ್ಕೊಮ್ಮೆ ಒಂದು ಲಾರಿ ಬರುತ್ತದೆ. ತರಕಾರಿ, ಸೋಪು, ಟಪಾಲು ಎಲ್ಲ ಅದರಲ್ಲೇ. ಫೋನು ಆಫೀಸಿನಲ್ಲಿ ಒಂದೇ ಒಂದು, ಅದೂ ಕೆಲಸಕ್ಕೆ ಮಾತ್ರ. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇನೇ? ಯಾರ ಕಾಟವೂ ಇಲ್ಲ!

ಮನೆಯ ಕಿಟಕಿ ಒಂದೂ ತೆರೆಯುವುದಿಲ್ಲ. ಹೋವರ್‌ಕ್ರಾಫ್ಟು ದಂಡೆ ಹತ್ತುವಾಗ ಮರಳು ಸಿಡಿಗುಂಡಿನ ಹಾಗೆ ಬಂದು ಬಡಿಯುತ್ತದಂತೆ. ಅದಕ್ಕೆ ಎಲ್ಲ ಕಿಟಕಿಗಳಿಗೂ ರಬ್ಬರ್ ಪಟ್ಟಿ ಬಡಿದು ಮುಚ್ಚಿಬಿಟ್ಟಿದ್ದಾರೆ. ವಿಮಾನದಲ್ಲಿ ಸಂಸಾರ ಮಾಡಿದ ಹಾಗಿದೆ.

ಈಗ ಮುಖ್ಯ ವಿಷಯ. ನನ್ನ ಸವತಿಯನ್ನು ನೋಡಿದೆ! ಶೆಡ್ಡಿನಲ್ಲಿ ಮಲಗಿದ್ದಾಳೆ. ನಮ್ಮ ಬೀದಿಯ ಅರ್ಧದಷ್ಟು ಉದ್ದ, ಮೈಯೆಲ್ಲ ಅಲ್ಯೂಮಿನಿಯಂ. ಅವಳಿಗೂ ಲಂಗ ಇದೆ ಅಕ್ಕಾ, ಪ್ರಮಾಣ ಮಾಡಿ ಹೇಳುತ್ತೇನೆ. ಸುತ್ತಲೂ ಕಪ್ಪು ರಬ್ಬರ್ ಬಟ್ಟೆಯ ದೊಡ್ಡ ಲಂಗ, ಅದರ ಅಂಚಿಗೆ ಬೆರಳುಗಳ ಹಾಗೆ ಸಾಲಾಗಿ ತುಂಡುಗಳು. ಹೊಟ್ಟೆಯೊಳಗಿನ ಫ್ಯಾನುಗಳು ಕೆಳಕ್ಕೆ ಗಾಳಿ ತುಂಬಿದರೆ ಲಂಗ ಉಬ್ಬಿ ಇಡೀ ಕ್ರಾಫ್ಟು ಆಳೆತ್ತರ ಮೇಲೇಳುತ್ತದೆ. ಹಿಂದೆ ಎರಡು ದೊಡ್ಡ ಬಳೆಗಳೊಳಗೆ ಎರಡು ಪ್ರೊಪೆಲ್ಲರ್. ನೀರು, ಕೆಸರು, ಮರಳು ಎಲ್ಲವೂ ಅವಳಿಗೆ ಒಂದೇ. ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಓಡುತ್ತಾಳೆ. ಇದೆಲ್ಲ ಇವರ ತಲೆಯಿಂದ ಬಂದದ್ದು. (ಹೌದು, ‘ಇವರು’ ಅಂತಲೇ ಬರೆಯುತ್ತೇನೆ. ಬರೆಯಲು ಎಷ್ಟು ಚೆನ್ನಾಗಿದೆ!)

ಇನ್ನೊಂದು ಸುದ್ದಿ, ಕೂತು ಓದು. ಈ ಯಾರ್ಡಿನಲ್ಲಿ ಒಂದು ಪದ್ಧತಿ ಇದೆ. ಯಾವ ಕ್ರಾಫ್ಟಿನ ಟ್ರಯಲ್ ಆದರೂ ಪ್ರಯಾಣಿಕರ ಕ್ಯಾಬಿನ್ನಿನಲ್ಲಿ ಅದರ ನಕ್ಷೆ ಬರೆದವರ ಮನೆಯವರೊಬ್ಬರು ಕೂರಬೇಕು. ಉಳಿದ ಸೀಟುಗಳಲ್ಲಿ ಮನುಷ್ಯರ ತೂಕದ ಮರಳಿನ ಚೀಲ. ಅದನ್ನು ‘ಮನೆಯವರ ಸೀಟು’ ಅನ್ನುತ್ತಾರೆ. ಅದು ಖಾಲಿ ಇದ್ದರೆ ಕ್ಯಾಪ್ಟನ್ ಎಂಜಿನ್ನಿಗೆ ಕೈ ಹಚ್ಚುವುದಿಲ್ಲ. ಈ ಸಲ ಆ ಸೀಟು ಯಾರದು ಹೇಳು? ನನ್ನದು, ನನ್ನದು, ನನ್ನದು! ಲಂಗ ಹೊಲಿಯುವ ಶೆಡ್ಡಿನ ಹೆಂಗಸರು ಓಡಿ ಬಂದು ನನ್ನ ಕೆನ್ನೆ ಸವರಿ “ಅಂತೂ ಬಂದ್ರಲ್ಲಮ್ಮಾ” ಅಂದರು. ರಾಣಿಯಾದಂತೆ ಅನ್ನಿಸಿತು.

ನಿನ್ನ ಮಡಿಲಿಗೆ ನೂರು ಮುತ್ತು ಸುರಿದು,
ನಿನ್ನ ಬಾಯಿಬಡುಕಿ

*

ಮಾರ್ಚ್ ೧೬

ಬಾಯಿಬಡುಕಿಗೆ,

ನಾಲ್ಕು ಪುಟ ಕನ್ನಡ ಬರೆದದ್ದಕ್ಕೆ ಶಭಾಷ್. ಅದರಲ್ಲಿ ಮೂರು ಪುಟ ಯಂತ್ರ, ಅರ್ಧ ಪುಟ ಕಿಟಕಿ, ಗಂಡನಿಗೆ ಬ್ರಾಕೆಟ್ಟಿನಲ್ಲಿ ಒಂದು ಸಾಲು. ಲಂಗದ ಅಂಚಿಗೆ ಹಾಗೆ ತುಂಡು ತುಂಡು ಬಿಟ್ಟರೆ ಬೇಗ ಸವೆಯುತ್ತದೆ ಅಂತ ಹೇಳು ನಿನ್ನ ಯಜಮಾನರಿಗೆ. ಟೈಲರ್ ಮಾತು ಕೇಳಿದರೆ ಕೆಡುವುದಿಲ್ಲ.

ಅಪ್ಪ ನಿನ್ನ ಪತ್ರವನ್ನು ಮೂರು ಸಲ ಓದಿಸಿಕೊಂಡರು. “ರಾಣಿಯಂತೆ ಕಣ್ರೀ, ರಾಣಿ” ಅಂತ ಪಕ್ಕದ ಮನೆಯವರಿಗೂ ಹೇಳಿ ಬಂದರು.

ಒಂದು ಮಾತು. ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಿನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ನೆನಪಿದೆಯಾ? “ಪ್ರಯಾಣ ಮಾಡುವಾಗ ವಾಂತಿ ಆಗುತ್ತಾ?” ನೀನು “ರೋಲರ್ ಕೋಸ್ಟರಿನಲ್ಲಿ ಕಣ್ಣು ಮುಚ್ಚದೆ ಕೂತೋಳು ನಾನು” ಅಂತ ಕುಣಿದೆ. ಎಷ್ಟು ಕಾಳಜಿಯ ಹುಡುಗ, ಹನಿಮೂನಿಗೆ ಯೋಚನೆ ಮಾಡುತ್ತಿದ್ದಾನೆ ಅಂತ ಅಪ್ಪ ಕರಗಿಹೋದರು. ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ಏನೋ ಅನ್ನಿಸಿತು. ಹೇಳಲಿಲ್ಲ.

ಹುಷಾರಾಗಿರು. ಊಟ ಬಿಡಬೇಡ.

ಅಕ್ಕ

*

ಯಾರ್ಡ್ ಕ್ವಾರ್ಟರ್ಸ್
ಏಪ್ರಿಲ್ ೨೧

ಅಕ್ಕಾ ಅಕ್ಕಾ ಅಕ್ಕಾ,

ಕೂತೆ! ಹೋದೆ! ಬಂದೆ!

ಮೊದಲು ಹೊಟ್ಟೆಯಲ್ಲಿ ಗುಡುಗು. ಆಮೇಲೆ ಯಾರೋ ಇಡೀ ಮನೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ ಮೆಲ್ಲಗೆ ಮೇಲೆ. ಆಮೇಲೆ ದಂಡೆ ಜಾರಿಹೋಯಿತು. ರಸ್ತೆಯಲ್ಲಿ ಹೋದ ಹಾಗಲ್ಲ, ದೋಣಿಯ ಹಾಗೂ ಅಲ್ಲ. ತಿರುಗುವಾಗ ಮೂತಿ ಒಂದು ಕಡೆ, ಮೈ ಇನ್ನೊಂದು ಕಡೆ, ಸೋಪಿನ ನೀರಿನ ಮೇಲೆ ಜಾರಿದ ಹಾಗೆ. ಇದಕ್ಕೆ ಬ್ರೇಕ್ ಇಲ್ಲವಂತೆ ಕಣೇ! ನಿಲ್ಲಿಸಬೇಕಾದರೆ ಪ್ರೊಪೆಲ್ಲರ್ ಉಲ್ಟಾ ತಿರುಗಿಸಬೇಕು, ಇಲ್ಲವೇ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಕೂರಿಸಬೇಕು. ನನ್ನ ಪಕ್ಕದ ಮರಳಿನ ಚೀಲ ತೂಕಡಿಸುವ ಗೃಹಸ್ಥರ ಹಾಗೆ ನನ್ನ ಭುಜಕ್ಕೆ ಒರಗಿತು. “ಸ್ವಲ್ಪ ಆಚೆ ಸರೀರಿ” ಅಂದೆ. ಒಬ್ಬಳೇ ನಕ್ಕೆ.

ಒಬ್ಬಳೇ ಅಂದೆನಲ್ಲ. ಇವರೂ ಕ್ಯಾಪ್ಟನ್ನೂ ಕೂರುವುದು ಛಾವಣಿಯ ಮೇಲಿನ ಕಂಟ್ರೋಲ್ ಕ್ಯಾಬಿನ್ನಿನಲ್ಲಿ. ಅವರಿಗೆ ಅಲ್ಲೇ ಒಂದು ಬಾಗಿಲು. ಕೆಳಗೆ ನನಗೆ ಮುಂಭಾಗದಲ್ಲಿ ಒಂದೇ ಬಾಗಿಲು, ಅದನ್ನು ಹೊರಗಿನಿಂದ ಬಿಗಿಯುತ್ತಾರೆ. ಮಾತಾಡಲು ಒಂದು ಸ್ಪೀಕರ್. ವೇಗ ಹೆಚ್ಚಿದ ಮೇಲೆ ನೀರಿನ ಧೂಳು ಎದ್ದು ಕಿಟಕಿಗಳೆಲ್ಲ ಬೆಳ್ಳಗಾದವು. ಏನೂ ಕಾಣಲಿಲ್ಲ. ಹಾಲಿನ ಪಾತ್ರೆಯೊಳಗೆ ಕೂತ ಹಾಗಿತ್ತು. ಇಳಿದ ಮೇಲೆ ಇವರನ್ನು ಕೇಳಿದೆ, “ರೀ, ಪಕ್ಕದಲ್ಲಿ ಒಂದು ಬಾಗಿಲು ಯಾಕಿಲ್ಲ?” ಇವರು ನನಗೆ ಎಷ್ಟು ಚೆನ್ನಾಗಿ ವಿವರಿಸಿದರು ಗೊತ್ತಾ? ಎರಡೂ ಪಕ್ಕದ ಗೋಡೆಯೊಳಗೆ ಲಂಗಕ್ಕೆ ಗಾಳಿ ಒಯ್ಯುವ ಕೊಳವೆಗಳಿವೆ. ಬಾಗಿಲು ಕೊರೆದರೆ ಗಾಳಿ ಕಡಿಮೆ, ತೂಕ ಜಾಸ್ತಿ, ಸದ್ದು ಜಾಸ್ತಿ, ಸೀಟು ಕಡಿಮೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅವರು ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು!

ಕ್ಯಾಪ್ಟನ್ ಬಗ್ಗೆ ಹೇಳಲೇಬೇಕು. ಬಿಳಿ ಗಡ್ಡ, ಕಿವಿ ಸ್ವಲ್ಪ ಮಂದ, ಹಾಗಾಗಿ ಪ್ರಪಂಚಕ್ಕೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಈ ಪದ್ಧತಿ ಯಾಕೆ ಅಂತ ಕೇಳಿದೆ.

“ಡಿಸೈನರೇ ಕೂತ್ರೆ ಆಗಲ್ವಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ ಕಣಮ್ಮಾ. ತನ್ನ ಜೀವ ಪಣಕ್ಕಿಡೋಕೆ ಈ ಜನ ಯಾವತ್ತೂ ರೆಡಿ. ಹಠ ಜಾಸ್ತಿ, ಜೀವದ ಮೇಲೆ ಆಸೆ ಕಮ್ಮಿ. ನಿನ್ನೋರನ್ನ ಕೂರಿಸಪ್ಪಾ ಅಂದಾಗ ಮಾತ್ರ ಮನಸ್ಸಲ್ಲಿರೋದು ಕೈಗೆ ಬರುತ್ತೆ. ಕೈ ನಡುಗ್ಲಿಲ್ವಾ, ಬೋಟು ಸರಿಯಿದೆ ಅಂತ ನಾವು ಹೊರಡ್ತೀವಿ.”

“ನಡುಗಿದ್ರೆ?”

“ನಡುಗಿದ್ರೆ ಅಲ್ಲಿಗೆ ಮುಗೀತು. ಅದು ಮತ್ತೆ ನೀರಿಗೆ ಇಳಿಯೋ ಮಾತೇ ಇಲ್ಲ. ನಮ್ಮೋರು ಯಾರೂ ಹತ್ತಲ್ಲ. ಹಂಗೆ ಒಂದು ಗುಜರಿಗೆ ಹೋಗಿದೆ. ನಿಮ್ಮ ಯಜಮಾನ್ರ ಕೈ ನೋಡಿದ್ಯಲ್ಲ? ಬಂಡೆ!”

ಹೌದು ಅಕ್ಕಾ, ನನ್ನನ್ನು ಒಳಗೆ ಹತ್ತಿಸುವಾಗ ಅವರ ಕೈ ಬಂಡೆಯ ಹಾಗೇ ಇತ್ತು. ಹೆಮ್ಮೆಯಿಂದ ನನಗೆ ಕಣ್ಣಲ್ಲಿ ನೀರು ಬಂತು.

ಅಪ್ಪನಿಗೆ ಓದಿ ಹೇಳು, ಬ್ರೇಕ್ ಇಲ್ಲ ಅನ್ನುವುದನ್ನು ಮಾತ್ರ ಬಿಟ್ಟು.

ಗಾಳಿಯ ಮೇಲೆ ಕೂತು ಬಂದ,
ನಿನ್ನ ತಂಗಿ

*

ಯಾರ್ಡ್ ಕ್ವಾರ್ಟರ್ಸ್
ಜೂನ್ ೬

ಪ್ರೀತಿಯ ಅಕ್ಕಾ,

ಮೇ ತಿಂಗಳಲ್ಲಿ ಬರೆಯಲಿಲ್ಲ ಅಂತ ಬೈದಿದ್ದೀಯ. ಟ್ರಯಲ್ ಮೇಲೆ ಟ್ರಯಲ್. ನಾನೀಗ ಪಳಗಿದ ಹೆಂಗಸು. ಅಲೆ ಎಡದಿಂದ ಬಂತೋ ಬಲದಿಂದ ಬಂತೋ ಕಣ್ಣು ಮುಚ್ಚಿ ಹೇಳಬಲ್ಲೆ. ಇಳಿದ ತಕ್ಷಣ ಇವರು ಕೇಳುತ್ತಾರೆ: ಎಲ್ಲಿ ನಡುಕ, ಎಲ್ಲಿ ಸದ್ದು, ತಿರುವಿನಲ್ಲಿ ಹೊಟ್ಟೆಯೊಳಗೆ ಏನನ್ನಿಸಿತು. ನಾನು ವರ್ಣಿಸುತ್ತೇನೆ. “ನಿನ್ನಷ್ಟು ಚೆನ್ನಾಗಿ ಯಾವ ಮೀಟರೂ ಹೇಳಲ್ಲ” ಅಂದರು. ಈ ಹೊಗಳಿಕೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲೋ ಬೇಡವೋ?

ಒಂದು ತಮಾಷೆ ಹೇಳುತ್ತೇನೆ. ನೀನು ಮುಖ ಗಂಟಿಕ್ಕಬಾರದು. ಮೊನ್ನೆ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಕ್ಯಾಪ್ಟನ್ ಶುರು ಮಾಡಿದರು. “ಈ ಬೋಟು ವರ್ಷಗಟ್ಟಲೆ ಶೆಡ್ಡಲ್ಲೇ ಕೂತಿತ್ತಮ್ಮಾ, ಕೂರೋರು ಇಲ್ದೆ. ಹಿಂದಿನದಕ್ಕೆ ಇವರಮ್ಮ ಕೂತಿದ್ರು. ಇಳಿದೋರು ಸೀದಾ ಲಾರಿ ಹತ್ತಿ ಕೂತು, ಇನ್ನು ನನ್ನ ಕೈಲಾಗಲ್ಲಪ್ಪಾ, ಮದುವೆ ಮಾಡ್ಕೋ, ಅಂದ್ರು!”

ಕ್ಯಾಂಟೀನೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಕಣ್ಣೀರು ಬರುವಷ್ಟು.

ಮನೆಗೆ ಬಂದ ಮೇಲೆ ಹಾಗೇ ಸುಮ್ಮನೆ, ಪಾತ್ರೆ ಜೋಡಿಸುತ್ತಾ ಕೇಳಿದೆ. “ರೀ, ನನ್ನನ್ನ ಯಾಕೆ ಮದುವೆ ಆದ್ರಿ?”

ಇವರು ಸ್ಕೇಲು ಕೆಳಗಿಟ್ಟು, ನಿಜವಾಗಿ ಯೋಚನೆ ಮಾಡಿ ಹೇಳಿದರು. “ಟ್ರಯಲ್ ಶುರುವಾಗಬೇಕಿತ್ತು. ನಿನಗೆ ವಾಂತಿ ಆಗಲ್ಲ ಅಂದೆ. ನಗ್ತಾ ಇರ್ತೀಯ. ಸರಿಹೋಗುತ್ತೆ ಅನ್ನಿಸ್ತು.”

ನೋಡು, ಎಷ್ಟು ನೇರ! ಬೇರೆ ಗಂಡಸಾಗಿದ್ದರೆ ನಿನ್ನ ಕಣ್ಣು, ನಿನ್ನ ಮೂಗು ಅಂತ ಸುಳ್ಳು ಹೇಳುತ್ತಿದ್ದ. ಇವರ ಬಾಯಲ್ಲಿ ಸುಳ್ಳು ಬರುವುದೇ ಇಲ್ಲ. ಅದು ಎಷ್ಟು ದೊಡ್ಡ ಗುಣ, ಅಲ್ವಾ?

ಅಲ್ವಾ ಅಕ್ಕಾ?

ಇಲ್ಲಿ ಸೆಖೆ ಇನ್ನೂ ಇಳಿದಿಲ್ಲ. ಕಿಟಕಿ ತೆರೆಯುವ ಹಾಗಿಲ್ಲವಾದ್ದರಿಂದ ಮಧ್ಯಾಹ್ನ ಬಚ್ಚಲುಮನೆಯ ನೆಲದ ಮೇಲೆ ಕೂತು ಪತ್ರ ಬರೆಯುತ್ತೇನೆ. ಅದೇ ತಂಪು.

ನಗ್ತಾ ಇರುವ,
ನಿನ್ನ ತಂಗಿ

*

ಜೂನ್ ೧೮

ತಂಗೀ,

ನಿನ್ನ ಪತ್ರ ಅಪ್ಪನಿಗೆ ಓದಲಿಲ್ಲ. ಕಣ್ಣಿಗೆ ಔಷಧಿ ಹಾಕಿದ್ದೀನಿ, ಅಕ್ಷರ ಕಾಣಿಸುತ್ತಿಲ್ಲ ಅಂತ ಹೇಳಿದೆ.

ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಬಟ್ಟೆಯ ಥಾನುಗಳನ್ನು ಅಟ್ಟಕ್ಕೆ ಹಾಕಿದೆ. ಕಾರಣ ಏನೂ ಇಲ್ಲ. ಸುಮ್ಮನೆ ತಿಳಿಸಿದೆ.

ಅಕ್ಕ

*

ಯಾರ್ಡ್ ಕ್ವಾರ್ಟರ್ಸ್
ಜುಲೈ ೧೪

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನನಗೇನೂ ಆಗಿಲ್ಲ. ಎಡಭುಜದ ಮೇಲೆ ಬೆಲ್ಟಿನ ಗುರುತು, ಅಷ್ಟೇ. ಬದನೆಕಾಯಿ ಬಣ್ಣ.

ಪೂರ್ತಿ ವೇಗದ ಟ್ರಯಲ್. ಚೆನ್ನಾಗಿಯೇ ಓಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಮುಂದಿನ ಲಂಗ ನೀರಿಗೆ ಸಿಕ್ಕಿ ಒಳಕ್ಕೆ ಮಡಚಿಕೊಂಡಿತು. ಓಡುವವಳ ಕಾಲಿಗೆ ತನ್ನದೇ ಲಂಗ ತೊಡರಿದ ಹಾಗೆ. ಮೂತಿ ಕೆಳಗೆ, ಹಿಂಭಾಗ ಮೇಲೆ, ಮರಳಿನ ಚೀಲಗಳೆಲ್ಲ ನನ್ನನ್ನು ದಾಟಿಕೊಂಡು ಮುಂದಕ್ಕೆ ಹಾರಿ ಬಾಗಿಲ ಹತ್ತಿರ ರಾಶಿ ಬಿದ್ದವು. ಕ್ರಾಫ್ಟು ಜಾರಿಕೊಂಡು ಹೋಗಿ ಕೆಸರಿನ ದಿಬ್ಬಕ್ಕೆ ಮೂತಿ ಹುಗಿದು ನಿಂತಿತು. ಎಂಜಿನ್ ನಿಂತಿತು. ದೀಪ ಹೋಯಿತು. ಕಿಟಕಿಗಳ ಮೇಲೆಲ್ಲ ಕೆಸರು. ಮಧ್ಯಾಹ್ನದ ಹೊತ್ತಿನಲ್ಲಿ ಅಷ್ಟು ಕತ್ತಲೆ ನಾನು ನೋಡಿರಲಿಲ್ಲ.

ಸ್ಪೀಕರ್ ಗೊರಗೊರ ಅಂದಿತು. ಇವರ ಧ್ವನಿ. “ಕೇಳಿಸ್ತಾ?”

“ಬಾಗಿಲು ತೆಗೀರಿ.”

“ಆಗಲ್ಲ. ಬಾಗಿಲು ಕೆಸರಲ್ಲಿದೆ. ಉಬ್ಬರದ ನೀರು ಬಂದು ಎತ್ತಬೇಕು. ಬೆಲ್ಟು ಎಡಕ್ಕೆ ಜಾಸ್ತಿ ಎಳೀತಾ, ಬಲಕ್ಕಾ?”

“ಎಡಕ್ಕೆ.”

“ಮೂತಿ ಇಳಿಯೋಕೆ ಮುಂಚೆ ನಡುಕ ಬಂತಾ? ನೆನಪು ಮಾಡ್ಕೋ.”

“ಬಂತು. ಕಾಲಿನ ಕೆಳಗೆ. ಹಲ್ಲು ಕಟಕಟ ಅನ್ನೋ ಹಾಗೆ.”

“ಗುಡ್. ತುಂಬಾ ಗುಡ್. ಇನ್ನೂ ಹೇಳು.”

ಹೇಳಿದೆ ಅಕ್ಕಾ. ಕೇಳಿದ್ದಕ್ಕೆಲ್ಲ ಟಕಟಕನೆ ಉತ್ತರ ಕೊಟ್ಟೆ, ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತವಳ ಹಾಗೆ. ಆಮೇಲೆ ಅವರ ಪ್ರಶ್ನೆಗಳು ಮುಗಿದವು. ನೀರು ಬರುವುದಕ್ಕೆ ಇನ್ನೂ ತುಂಬಾ ಹೊತ್ತಿತ್ತು. ಸ್ಪೀಕರ್ ಸುಮ್ಮನಾಯಿತು. ಒಂದು ಚೀಲ ಹರಿದು ಮರಳು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಗಾಳಿ ದಪ್ಪವಾಗುತ್ತಿದೆ ಅನ್ನಿಸಿತು. ಗೋಡೆಯನ್ನು ಕೈಯಿಂದ ತಡವಿ ನೋಡಿದೆ, ಇಲ್ಲದ ಬಾಗಿಲಿಗಾಗಿ.

ಹೊರಗೆ ಬಂದಾಗ ಹೆದರಿದೆಯಾ ಅಂತ ಕ್ಯಾಪ್ಟನ್ ಕೇಳಿದರು. ಲಂಗದ ಶೆಡ್ಡಿನವರೂ ಕೇಳಿದರು. ಇವರು ಕೇಳಲಿಲ್ಲ. ಇವರು ಲಂಗದ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡುತ್ತಿದ್ದರು.

ಮರುವಾರ ಸಣ್ಣ ಟ್ರಯಲ್, ನಿಧಾನದ್ದು. ಮತ್ತೆ ನನ್ನ ಕೈ ಹಿಡಿದು ಹತ್ತಿಸಿದರು. ನಾನು ಅವರ ಮುಖ ನೋಡಲಿಲ್ಲ, ಕೈಯನ್ನೇ ನೋಡಿದೆ. ಬಂಡೆ.

ಕ್ಯಾಪ್ಟನ್ ಹೇಳಿದ ಪದ್ಧತಿ ಹಿಂದುಮುಂದು ನೋಡುವ ಗಂಡಸರಿಗಾಗಿ ಮಾಡಿದ್ದು. ಹಿಂದುಮುಂದು ನೋಡದವನಿಗೆ ಅದು ಏನು ಮಾಡೀತು?

ಈ ಪತ್ರವನ್ನೂ ಅಪ್ಪನಿಗೆ ಓದಬೇಡ.

ನಿನ್ನ ತಂಗಿ

*

ಆಗಸ್ಟ್ ೨೯

ಲೇ,

ಎರಡು ಪತ್ರ ಹಾಕಿದೆ, ಜವಾಬಿಲ್ಲ. ಕತ್ತರಿ ಹಿಡಿದರೆ ಬಟ್ಟೆ ಅಡ್ಡಾದಿಡ್ಡಿ ಹೋಗುತ್ತಿದೆ. ಒಬ್ಬಾಕೆಯ ತೋಳು ಗಿಡ್ಡ ಮಾಡಿ ಅವಳಿಂದ ಬೈಸಿಕೊಂಡೆ.

ನೀನು ಕೂರುವುದಿಲ್ಲ ಅಂದರೆ ಯಾರೇನು ಮಾಡುತ್ತಾರೆ? ಕಟ್ಟಿ ಹಾಕಿ ಕೂರಿಸುತ್ತಾರಾ? ಸೂಟ್‌ಕೇಸ್ ತಗೊಂಡು ಆ ಲಾರಿ ಹತ್ತು. ಅಪ್ಪನಿಗೆ ನಾನು ಹೇಳುತ್ತೇನೆ. ಏನು ಹೇಳಬೇಕು ಅಂತ ಕನ್ನಡಿ ಮುಂದೆ ಅಭ್ಯಾಸವೂ ಮಾಡಿದ್ದೀನಿ. ಇಲ್ಲದಿದ್ದರೆ ನಾನೇ ಬರುತ್ತೇನೆ. ನನಗೆ ಲಿಫ್ಟಿನಲ್ಲೂ ವಾಂತಿ ಆಗುತ್ತದೆ, ಆದರೂ ಬರುತ್ತೇನೆ.

ಅಕ್ಕ

*

ಯಾರ್ಡ್ ಕ್ವಾರ್ಟರ್ಸ್
ಸೆಪ್ಟೆಂಬರ್ ೨೦

ಪ್ರೀತಿಯ ಅಕ್ಕಾ,

ಬರಬೇಡ. ಮೊದಲು ಪೂರ್ತಿ ಓದು.

ಯಾರೇನು ಮಾಡುತ್ತಾರೆ ಅಂತ ಕೇಳಿದೆಯಲ್ಲ. ಏನೂ ಮಾಡುವುದಿಲ್ಲ. ಅದೇ ಕಷ್ಟ. ಬೆಳಿಗ್ಗೆ ತರಕಾರಿಗೆ ಹೋದರೆ ಬೆಸುಗೆ ಹಾಕುವವರು ಮುಖದ ಗುರಾಣಿ ಎತ್ತಿ ನಮಸ್ಕಾರ ಅನ್ನುತ್ತಾರೆ. ಲಂಗದ ಶೆಡ್ಡಿನ ಹಿರಿಯಾಕೆ ನನಗಾಗಿ ಮೆತ್ತನೆಯ ದಿಂಬು ಹೊಲಿದಿದ್ದಾಳೆ, ಆ ಸೀಟಿಗೆ. “ನೀವು ಕೂತಿದ್ದೀರಿ ಅಂದ್ರೆ ನಮ್ಮ ಹೊಟ್ಟೆಗೆ ಧೈರ್ಯ ಕಣಮ್ಮಾ” ಅನ್ನುತ್ತಾಳೆ. ಈ ಕ್ರಾಫ್ಟನ್ನು ಹಡಗು ಕಂಪನಿಯವರು ಒಪ್ಪಿದರೆ ಇಂಥವು ಇನ್ನೂ ಹತ್ತು ಕಟ್ಟುತ್ತಾರೆ. ಒಪ್ಪದಿದ್ದರೆ ಶೆಡ್ಡುಗಳಿಗೆ ಬೀಗ. ನಾನು ಲಾರಿ ಹತ್ತಿದರೆ ಆ ಹಿರಿಯಾಕೆ ಇಲ್ಲಿಂದ ಎಲ್ಲಿಗೆ ಹೋಗುತ್ತಾಳೆ? ಇಷ್ಟು ಪ್ರೀತಿಯಿಂದ ಕಟ್ಟಿ ಹಾಕಿದ್ದನ್ನು ಬಿಚ್ಚುವುದು ಹೇಗೆ ಹೇಳು.

ಆದರೂ ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. “ಪಕ್ಕದಲ್ಲಿ ಬಾಗಿಲು ಹಾಕಿ. ಇಲ್ಲದಿದ್ರೆ ನಾನು ಕೂರಲ್ಲ.”

ಇವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಹೋಗಿ ನಕ್ಷೆ ಹರಡಿದರು. ನಂಬುತ್ತೀಯಾ, ಬಾಗಿಲು ಹಾಕಿಸಿದರು! ಗಾಳಿಯ ಕೊಳವೆಗಳನ್ನು ನೆಲದಡಿಗೆ ತಿರುಗಿಸಿದರು, ಕೆಲವು ಸೀಟು ಕಿತ್ತರು, ಮುಂದಿನ ಲಂಗ ಒಳಕ್ಕೆ ಮಡಚದ ಹಾಗೆ ಅದರ ಆಕಾರವನ್ನೇ ಬದಲಿಸಿದರು. ವೇಗ ಕಡಿಮೆಯಾಯಿತು ಅಂತ ಯಾರ್ಡಿನ ದೊಡ್ಡ ಸಾಹೇಬರು ಕೂಗಾಡಿದರು. ಇವರು ಜಗ್ಗಲಿಲ್ಲ. ಎರಡೂ ಪಕ್ಕಕ್ಕೆ ಒಂದೊಂದು ಬಾಗಿಲು, ಒಳಗಿನಿಂದಲೇ ತೆರೆಯುವಂಥದ್ದು, ಕೆಂಪು ಹಿಡಿ. ಯಾರ್ಡಿನವರು ಅದಕ್ಕೆ ‘ಅಮ್ಮಾವ್ರ ಬಾಗಿಲು’ ಅಂತ ಹೆಸರಿಟ್ಟಿದ್ದಾರೆ. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ, ತೇಲಿದೆ, ಲಂಗ ಉಬ್ಬಿಸಿಕೊಂಡು!

ಮೂರನೆಯ ದಿನ ಇವರು ಹೇಳಿದರು. “ಬಾಗಿಲು ಬಂತಲ್ಲ. ಇನ್ನು ಕೂರೋಕೆ ಏನೂ ತೊಂದರೆ ಇಲ್ಲ.”

ಅವರ ಮುಖ ಎಷ್ಟು ನಿರಾಳವಾಗಿತ್ತು ಅಂತೀಯ. ಒಂದು ಲೆಕ್ಕ ಬಿಡಿಸಿದವರ ಹಾಗೆ. ನಾನು ಕೇಳಿದ್ದೆ, ಅವರು ಕೊಟ್ಟರು. ಇನ್ನು ಯಾವ ಬಾಯಲ್ಲಿ ಕೂರುವುದಿಲ್ಲ ಅನ್ನಲಿ? ನನಗೆ ಬೇಕಾಗಿದ್ದು ಬಾಗಿಲು ಅಂತ ನಾನೇ ಅಂದುಕೊಂಡಿದ್ದೆ. ಅದಲ್ಲ ಅಕ್ಕಾ. ನನ್ನನ್ನು ಹತ್ತಿಸುವಾಗ ಒಂದೇ ಒಂದು ಸಲ ಆ ಕೈ ನಡುಗಲಿ. ಒಂದು ಕ್ಷಣ, ಬೇಡ ಅನ್ನಿಸಲಿ. ಆಮೇಲೆ ಬೇಕಾದರೆ ಹತ್ತಿಸಲಿ, ನಾನು ಹಾಡಿಕೊಂಡು ಕೂರುತ್ತೇನೆ. ಅದನ್ನು ಕೇಳುವುದು ಹೇಗೆ? ಕೇಳಿದರೆ ಅದಕ್ಕೂ ಒಂದು ನಕ್ಷೆ ಬರೆಯುತ್ತಾರೆ.

ನವೆಂಬರಿನಲ್ಲಿ ಹಡಗು ಕಂಪನಿಯವರು ಬರುತ್ತಾರೆ. ಅವರ ಮುಂದೆ ಪೂರ್ತಿ ವೇಗದ ಟ್ರಯಲ್. ಅಲ್ಲಿಯವರೆಗೆ ನೋಡುತ್ತೇನೆ. ಆಮೇಲೆ ಬೇಕಾದರೆ ನಿನ್ನ ಹಿಂದಿನ ಕೋಣೆ.

ಆ ಹೆಂಗಸಿನ ತೋಳು ಸರಿ ಮಾಡಿಕೊಟ್ಟೆಯಾ?

ನಿನ್ನ ತಂಗಿ

*

ಯಾರ್ಡ್ ಕ್ವಾರ್ಟರ್ಸ್
ನವೆಂಬರ್ ೧೧

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಲೆಗಳು ದಂಡೆಯನ್ನು ಕೊರೆದುಹಾಕಿವೆ. ಗಾಳಿ ತಗ್ಗುವವರೆಗೆ, ಅಂದರೆ ಇನ್ನೆರಡು ತಿಂಗಳು, ಲಾರಿ ಬರುವುದಿಲ್ಲ. ಹಡಗು ಕಂಪನಿಯವರ ದೋಣಿ ಸಂಜೆ ಹಿಂದಿರುಗುತ್ತದೆ. ಅದರಲ್ಲಿ ಈ ಪತ್ರ ಕಳಿಸುತ್ತೇನೆ.

ಬೆಳಿಗ್ಗೆ ಎಲ್ಲರೂ ಇಳಿಜಾರಿನ ಹತ್ತಿರ ಸೇರಿದ್ದರು. ಕೋಟು ಹಾಕಿದ ಅತಿಥಿಗಳು, ದೊಡ್ಡ ಸಾಹೇಬರು, ಬೆಸುಗೆಯವರು, ಶೆಡ್ಡಿನ ಹೆಂಗಸರು ತಲೆ ಬಾಚಿಕೊಂಡು ಹೂ ಮುಡಿದುಕೊಂಡು. ಇವರು ನನ್ನ ಕೈ ಹಿಡಿದು ಹತ್ತಿಸಿದರು. ಬಂಡೆಯೇ. ಆಗಲಿ ಬಿಡು ಅಂದುಕೊಂಡೆ.

ಹೊರಡುವ ಮುಂಚೆ, ಹೊಸ ಬಾಗಿಲಿನ ಹಿಡಿ ನಡುಕಕ್ಕೆ ಸಡಿಲಾಗುತ್ತದೋ ಅಂತ ನೋಡಬೇಕಿತ್ತು. ಅದಕ್ಕೆ ಇವರು ಪಕ್ಕದ ಚೀಲ ಎತ್ತಿಟ್ಟು ಆ ಸೀಟಿನಲ್ಲಿ ಕೂತರು. ಬಾಗಿಲುಗಳನ್ನು ಮುಚ್ಚಿ, “ಗಾಳಿ ತುಂಬಿ” ಅಂತ ಕ್ಯಾಪ್ಟನ್ನಿಗೆ ಹೇಳಿದರು. ತಾವು ಬರೆದ ಕ್ಯಾಬಿನ್ನಿನಲ್ಲಿ, ಬಾಗಿಲು ಹಾಕಿಕೊಂಡು, ಗುಡುಗಿನ ಮೇಲೆ ಅವರು ಕೂತದ್ದು ಅದೇ ಮೊದಲು.

ನಾವು ಮೇಲೆದ್ದೆವು. ಮರಳೆದ್ದು ಕಿಟಕಿಗಳು ಮಂಕಾದವು. ಇವರು ಹಿಡಿಯನ್ನು ನೋಡಲಿಲ್ಲ. ಕಿಟಕಿ ನೋಡಿದರು. ಛಾವಣಿ ನೋಡಿದರು. ಎಷ್ಟು ತಗ್ಗು ಅನ್ನುವ ಹಾಗೆ ಕೈ ಚಾಚಿ ಅದನ್ನು ಮುಟ್ಟಿದರು, ಅಕ್ಕಾ, ತಾವೇ ಬರೆದ ಛಾವಣಿಯನ್ನು.

ಆಮೇಲೆ ನನ್ನ ಕಡೆ ತಿರುಗಿ, ಆ ಗದ್ದಲದಲ್ಲಿ ಕೂಗಿ ಕೇಳಿದರು. “ಅವತ್ತು ಇಲ್ಲೇ ಕೂತಿದ್ಯಾ?”

“ಇಲ್ಲೇ.”

“ದೀಪ ಇರ್ಲಿಲ್ಲ.”

“ಇರ್ಲಿಲ್ಲ.”

“ಎಷ್ಟು ಹೊತ್ತು?”

“ನೀರು ಬರೋವರೆಗೂ. ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಅವರಿಗೆ ನಿಮಿಷದ ಲೆಕ್ಕ ಗೊತ್ತಿತ್ತು. ಸ್ಪೀಕರಿನಲ್ಲಿ ಕ್ಯಾಪ್ಟನ್, “ಸಾಹೇಬ್ರೇ, ಮೇಲೆ ಬನ್ನಿ, ಹೊರಡೋಣ” ಅಂದರು. ಇವರು ಏಳಲಿಲ್ಲ. ಕೊನೆಗೆ ನನ್ನ ಬೆಲ್ಟು ಬಿಗಿಯಾಗಿದೆಯೋ ಅಂತ ನೋಡಲು ಕೈ ಚಾಚಿದರು. ಕೈ ಬಕ್ಕಲಿನ ಮೇಲೆ ಬಂತು. ನಡುಗುತ್ತಿತ್ತು. ಮೊದಲು ಎಂಜಿನ್ನಿನ ನಡುಕ ಅಂದುಕೊಂಡೆ. ಅವರೂ ಹಾಗೇ ಅಂದುಕೊಂಡಿರಬೇಕು, ಇನ್ನೊಂದು ಕೈಯಿಂದ ಅದನ್ನು ಹಿಡಿದು ನೋಡಿಕೊಂಡರು. ಆ ಕೈಯೂ ನಡುಗುತ್ತಿತ್ತು.

ಬಕ್ಕಲ್ ಬಿಚ್ಚಿದರು. “ಇಳಿ.”

“ಯಾಕ್ರೀ? ಹಿಡಿ ಸಡಿಲ ಇದೆಯಾ?”

“ಇಲ್ಲ. ಇಳಿ.”

ಇವರು ಕ್ಯಾಪ್ಟನ್ನಿಗೆ ಹೇಳಿ ಫ್ಯಾನು ತಗ್ಗಿಸಿದರು; ಕೆಂಪು ಹಿಡಿ ಎಳೆದು, ಅರ್ಧ ಇಳಿದ ಲಂಗದ ಮೇಲಿಂದ ಜಾರಿ ಹೊರಗೆ ಬಂದೆವು. ಕ್ಯಾಪ್ಟನ್ ಮೇಲಿನ ಬಾಗಿಲಿನಿಂದ ತಲೆ ಹೊರಗೆ ಹಾಕಿದರು. ಅವರ ಧ್ವನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ. “ಸಾಹೇಬ್ರೇ. ಕೂರಿಸ್ತೀರಾ?”

ಇವರು ಅತಿಥಿಗಳನ್ನು ನೋಡಿದರು, ಹೆಂಗಸರನ್ನು ನೋಡಿದರು. ಒಂದು ‘ಹೂಂ’ ಅಂದಿದ್ದರೆ ಸಾಕಿತ್ತು ಅಕ್ಕಾ. ನಾನು ಹತ್ತಿಬಿಡುತ್ತಿದ್ದೆ. ನನಗೆ ಬೇಕಾದದ್ದು ಆಗಲೇ ಸಿಕ್ಕಿತ್ತು. “ನಾನು ಕೂರ್ತೀನಿ” ಅಂತ ಬಾಯಿ ತೆರೆದೆ. ಇವರು ನನ್ನ ಮಾತಿಗೆ ಅಡ್ಡ ಬಂದರು.

“ಇಲ್ಲ. ಕೂರಿಸಲ್ಲ.”

ದೊಡ್ಡ ಸಾಹೇಬರು ಓಡಿಬಂದರು. “ಏನ್ರೀ ಇದು, ಲೆಕ್ಕದಲ್ಲಿ ಏನಾದ್ರೂ ತಪ್ಪಿದೆಯಾ?”

“ಲೆಕ್ಕ ಸರಿಯಿದೆ.”

“ಮತ್ತೆ?”

“ಲೆಕ್ಕ ಸರಿಯಿದೆ ಸಾರ್. ಇವಳನ್ನ ಕೂರಿಸಲ್ಲ.”

ಕ್ಯಾಪ್ಟನ್ ಟೋಪಿ ತೆಗೆದು ಎಂಜಿನ್ ಆರಿಸಿದರು. ಲಂಗದಿಂದ ಉಳಿದ ಗಾಳಿ ಹೋಗುವುದಕ್ಕೆ ಎಷ್ಟು ಹೊತ್ತು ಬೇಕಾಯಿತು! ಒಂದು ದೊಡ್ಡ ಪ್ರಾಣಿ ಒಂದೊಂದೇ ಕಾಲು ಮಡಚಿ ಕೂತ ಹಾಗೆ. ಅತಿಥಿಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಆಫೀಸಿನ ಕಡೆ ನಡೆದರು. ಶೆಡ್ಡಿನ ಹಿರಿಯಾಕೆ ನನ್ನ ಮುಖವನ್ನು ಒಂದು ಸಲ ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿದವರನ್ನು ಕರೆದುಕೊಂಡು ಹೊರಟುಹೋದಳು.

ನಾವಿಬ್ಬರೂ ಮನೆಗೆ ನಡೆದೆವು. ಹೋಗಲು ಬೇರೆ ಜಾಗವಿರಲಿಲ್ಲ. ದಾರಿಯಲ್ಲಿ ಇವರು ಒಂದೇ ಮಾತಾಡಿದರು. “ನಂಗೆ ಬೇರೆ ಏನೂ ಮಾಡೋಕೆ ಬರಲ್ಲ.” ಅದನ್ನು ನನಗೇ ಹೇಳಿದರೋ ಅಲ್ಲವೋ ತಿಳಿಯಲಿಲ್ಲ. ನಾನು, ನಿನ್ನ ಬಾಯಿಬಡುಕಿ, ಒಂದು ಪದ ಹುಡುಕಿ ಕೊಡಲಾರದೆ ಹೋದೆ. ಈಗ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾರೆ. ಶರ್ಟು ಕೂಡ ಬದಲಿಸಿಲ್ಲ. ಕರೆದರೆ ತಿರುಗುತ್ತಾರೆ, ಮತ್ತೆ ಗೋಡೆಯ ಕಡೆ. ಶೆಡ್ಡುಗಳಲ್ಲಿ ಇಡೀ ದಿನ ಒಂದು ಸುತ್ತಿಗೆಯ ಸದ್ದೂ ಇಲ್ಲ.

ಕ್ಯಾಪ್ಟನ್ ಈಗಷ್ಟೇ ಬಂದಿದ್ದರು. ಹೊಸ್ತಿಲು ದಾಟಲಿಲ್ಲ. ಅತಿಥಿಗಳ ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ, ಅಕ್ಕನ ಮನೆಗೆ ಹೋಗುವುದಾದರೆ ಈಗಲೇ ಹೋಗಮ್ಮಾ, ಇನ್ನೆರಡು ತಿಂಗಳು ದಾರಿಯಿಲ್ಲ ಅಂದರು. ಸೂಟ್‌ಕೇಸ್ ಮಂಚದ ಮೇಲೆ ತೆರೆದಿಟ್ಟಿದ್ದೇನೆ. ಸೆಪ್ಟೆಂಬರಿನಿಂದ ಅದು ಅರ್ಧ ತುಂಬಿಯೇ ಇತ್ತು, ನಿನಗೆ ಹೇಳಿರಲಿಲ್ಲ.

ದೋಣಿ ಎರಡನೆಯ ಸಲ ಕೂಗಿತು. ಕ್ಯಾಪ್ಟನ್ ಗೇಟಿನ ಹತ್ತಿರ ಕಾಯುತ್ತಿದ್ದಾರೆ. ಅವರ ಕೈಗೆ ಈ ಪತ್ರ ಮಾತ್ರ ಕೊಡುತ್ತೇನೆ.

ನಿನ್ನ ಹಿಂದಿನ ಕೋಣೆಗೆ ಥಾನುಗಳನ್ನು ಇಳಿಸಿಕೋ. ಅವರ ಕೈ ಬಂಡೆಯಾಗಿಯೇ ಇದ್ದಿದ್ದರೆ ಇವತ್ತು ಹೊರಟುಬಿಡುತ್ತಿದ್ದೆ ಅಕ್ಕಾ. ಎಷ್ಟು ಸುಲಭವಾಗಿತ್ತು.

ನಿನ್ನ ತಂಗಿ